ಕೊನೆಯಿಂದ ಶುರುವಾದ ಪುಸ್ತಕ

ಸಾದಿಯಾ ಪುಸ್ತಕ ತೆರೆದವಳೇ ನಗಲು ಶುರು ಮಾಡಿದಳು.

“ಅಬ್ಬಾ, ಇದನ್ನ ಉರ್ದು ಪುಸ್ತಕ ಅನ್ಕೊಂಡ್ರಾ? ಹಿಂದಿನಿಂದ ಶುರುವಾಗಿದೆ ನೋಡಿ!”

ಅದು ಅವಳು ಶಾಲೆಯಲ್ಲಿ ಪಾಠ ಹೇಳುವ ಗಣಿತದ ಪುಸ್ತಕ. ಬೆನ್ನು ಹರಿದು ಹಾಳೆ ಉದುರುತ್ತಿತ್ತೆಂದು ತಂದೆಯ ಕೈಗೆ ಬೈಂಡಿಂಗಿಗೆ ಕೊಟ್ಟಿದ್ದಳು. ಈಗ ಹೊಸ ರಟ್ಟು, ಹೊಸ ಕ್ಯಾಲಿಕೋ ಬಟ್ಟೆ ತೊಟ್ಟು ಮದುಮಗನ ಹಾಗೆ ಬಂದಿದ್ದ ಪುಸ್ತಕವನ್ನು ತೆರೆದರೆ ಮೊದಲ ಪುಟದಲ್ಲೇ ಉತ್ತರಗಳು! ಲೆಕ್ಕಗಳು ಎಲ್ಲೋ ಹಿಂದೆ ಬಿದ್ದಿದ್ದವು.

“ಮಕ್ಕಳಿಗೆ ಗೊತ್ತಾದ್ರೆ ನಿಮ್ಮ ಕೈಗೆ ಮುತ್ತಿಡ್ತಾರೆ ಬಿಡಿ.”

ದಸ್ತಗೀರ್ ಸಾಬರು ನಗಲಿಲ್ಲ. ಪುಸ್ತಕವನ್ನು ಇಸಿದುಕೊಂಡು ಕನ್ನಡಕವನ್ನು ಹಣೆಗೆ ಏರಿಸಿ ಹೊಲಿಗೆಯನ್ನು ನೋಡಿದರು. ದಾರ ಬಿಗಿಯಾಗಿತ್ತು, ಗಂಟು ಸರಿಯಾಗಿತ್ತು. ತಪ್ಪಿದ್ದು ಸಾಲು. ತಪ್ಪು ಹೇಗಾಯಿತೆಂದು ಅವರಿಗೆ ಒಂದೇ ನೋಟಕ್ಕೆ ತಿಳಿಯಿತು. ತಿಳಿದ ಕೂಡಲೇ ತುಮಕೂರಿನ ಸದಾಶಿವನಗರದ ಆ ಚಿಕ್ಕ ಮನೆಯ ಜಗಲಿಯ ಮೇಲೆ ಕುಳಿತುಬಿಟ್ಟರು.

ಮಂಡಿಪೇಟೆಯ ಅವರ ಬೈಂಡಿಂಗ್ ಅಂಗಡಿಗೆ ನಲವತ್ತೊಂದು ವರ್ಷ. ಅಷ್ಟೂ ವರ್ಷ ಕತ್ತರಿಸುವುದು, ರಟ್ಟು ಹಾಕುವುದು, ಅಂಟು ಬಳಿಯುವುದು ಅವರ ಕೆಲಸ. ಹೊಲಿಯುವುದು ಮನೆಯಲ್ಲಿ ಹೆಂಡತಿ ಕುಲ್ಸುಂ ಬೀಯ ಕೆಲಸ. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು. ಒಂದು ಮಡಿಕೆಗೆ ಒಂದು ಫಾರಂ ಎನ್ನುತ್ತಾರೆ. ಸಾಬರು ತಮ್ಮ ಉಸ್ತಾದರಲ್ಲಿ ಕಲಿತದ್ದು ಮೊದಲನೇ ಫಾರಂನಿಂದ ಹೊಲಿಯುತ್ತ ಹೋಗುವುದನ್ನು. ಕುಲ್ಸುಂ ಬೀ ಎಡಗೈಯವರು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಹೇಳಿಕೊಟ್ಟ ರೀತಿ ಕೈಗೆ ಒಗ್ಗದೆ, ತನ್ನದೇ ಒಂದು ದಾರಿ ಮಾಡಿಕೊಂಡು, ಕಡೆಯ ಫಾರಂನಿಂದ ಮೊದಲನೆಯದಕ್ಕೆ ಹೊಲಿಯುತ್ತ ಬರುವುದನ್ನು ರೂಢಿಸಿಕೊಂಡರು. ಅವರಿಗೆ ಅನುಕೂಲವಾಗಲೆಂದು ಸಾಬರು ಕಟ್ಟು ಜೋಡಿಸುವಾಗಲೇ ಕಡೆಯ ಫಾರಂ ಮೇಲೆ ಬರುವಂತೆ ಜೋಡಿಸಿ ಕೊಡುತ್ತಿದ್ದರು. ನಲವತ್ತೊಂದು ವರ್ಷ ಒಂದು ಪುಸ್ತಕವೂ ಹೆಚ್ಚುಕಡಿಮೆಯಾಗಿರಲಿಲ್ಲ.

ಕುಲ್ಸುಂ ಬೀ ತೀರಿಕೊಂಡು ಐದು ತಿಂಗಳಾಗಿತ್ತು. ಆಮೇಲೆ ಸಾಬರು ಅಂಗಡಿಯ ಬಾಗಿಲು ತೆಗೆದು ಕೂರುತ್ತಿದ್ದರೇ ಹೊರತು ಕೆಲಸ ಮುಟ್ಟುತ್ತಿರಲಿಲ್ಲ. ತೀರ ಬೇಕೇ ಬೇಕೆಂದವರಿಗೆ ಎರಡೇ ಪುಸ್ತಕ ಮಾಡಿಕೊಟ್ಟಿದ್ದರು. ಎರಡನ್ನೂ ಜೋಡಿಸಿದ್ದು ಅವಳ ಕೈಗೆ, ಕಡೆಯ ಫಾರಂ ಮೇಲೆ ಬರುವಂತೆ. ಹೊಲಿದದ್ದು ತನ್ನ ಕೈಯಲ್ಲಿ, ಮೇಲಿನದೇ ಮೊದಲನೆಯದೆಂದು.

“ಹಾಗಾದ್ರೆ ಗುಬ್ಬಿ ಮೇಷ್ಟ್ರ ಪುಸ್ತಕವೂ ಹಿಂಗೇ ಆಗಿರುತ್ತೆ,” ಎಂದರು ಮೆಲ್ಲಗೆ.

“ಆಗಿದ್ರೆ ಅವ್ರೇ ತರ್ತಾರೆ. ಇಲ್ಲಾ ಒಂದು ಫೋನ್ ಮಾಡಿ.”

“ಫೋನಲ್ಲಿ ಹೇಳೋ ಮಾತಲ್ಲಮ್ಮ. ನಂಬಿ ಕೊಟ್ಟಿದ್ರು. ಅಮಾನತ್ತು ಅದು, ಜೋಪಾನವಾಗಿ ವಾಪಸ್ ಕೊಡ್ಬೇಕಾದ್ದು. ಎದುರಿಗೆ ನಿಂತು ಹೇಳ್ಬೇಕು.”

ಸಾದಿಯಾ ತಂದೆಯ ಕೈಯಿಂದ ಪುಸ್ತಕವನ್ನು ತಿರುಗಿ ತೆಗೆದುಕೊಂಡಳು. ತಂದೆಯ ಮನಸ್ಸಿನಲ್ಲಿ ಇನ್ನೊಂದು ಮಾತು ಓಡುತ್ತಿರುವುದು ಅವಳಿಗೆ ಗೊತ್ತಿತ್ತು. ಬರುವ ಒಂದನೇ ತಾರೀಖು ಅಂಗಡಿಯ ಬೀಗದ ಕೈ ಒಪ್ಪಿಸುತ್ತೇನೆಂದು ಕಟ್ಟಡದ ಯಜಮಾನ ರುದ್ರಯ್ಯನವರಿಗೆ ಅವರು ಹೋದ ವಾರವೇ ಮಾತು ಕೊಟ್ಟಿದ್ದರು. ಅಲ್ಲಿ ಮೊಬೈಲ್ ಅಂಗಡಿ ಬರುವುದಿತ್ತು. ‘ಇನ್ನೊಂದು ಸಲ ಯೋಚನೆ ಮಾಡಿ ಅಬ್ಬಾ’ ಎಂದು ಅವಳು ದಿನಕ್ಕೊಮ್ಮೆ ಹೇಳುತ್ತಿದ್ದಳು. ಈಗ ಅವಳ ಕೈಯಲ್ಲಿದ್ದ ಪುಸ್ತಕವೇ ಅವಳ ಮಾತನ್ನು ಕೆಡಿಸಿತ್ತು.

“ನೋಡಿದ್ಯಲ್ಲ? ನಿಮ್ಮಮ್ಮಿ ಇಲ್ದೆ ಈ ಕೈಗೆ ದಾರೀನೇ ಗೊತ್ತಿಲ್ಲ. ನಿನ್ನ ಪುಸ್ತಕ, ಮೇಷ್ಟ್ರ ಪುಸ್ತಕ ಸರಿ ಮಾಡಿಕೊಟ್ಬಿಟ್ಟು ಬಾಗಿಲು ಎಳೀತೀನಿ.”

ಮಾರನೆಯ ದಿನ ಮುಂಜಾನೆಯ ಫಜರ್ ನಮಾಜು ಮುಗಿಸಿ, ಸೂಜಿ, ದಾರ, ಮೇಣದ ಉಂಡೆ, ಚಿಕ್ಕ ಚಾಕುವನ್ನು ಚೀಲಕ್ಕೆ ಹಾಕಿಕೊಂಡು ಅವರು ಗುಬ್ಬಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಒಳಗೊಳಗೇ ಅಭ್ಯಾಸ ಮಾಡಿಕೊಂಡರು. ಆ ಪುಸ್ತಕ ಅವರಿಗೆ ಚೆನ್ನಾಗಿ ನೆನಪಿತ್ತು. ರಟ್ಟೂ ಇರಲಿಲ್ಲ, ಹೆಸರಿನ ಪುಟವೂ ಇರಲಿಲ್ಲ. ಯಾರು ಬರೆದದ್ದೋ ಗೊತ್ತಿಲ್ಲ. ಮನುಷ್ಯ ತನ್ನ ಬಾಳನ್ನು ಹೇಗೆ ತಿದ್ದಿಕೊಳ್ಳಬೇಕು, ಅಂದುಕೊಂಡ ಕೆಲಸವನ್ನು ಹೇಗೆ ಮಾಡಿ ಮುಗಿಸಬೇಕು ಎಂದು ಹೇಳುವ ನೂರ ಅರವತ್ತು ಪುಟಗಳ ಪುಸ್ತಕ. ‘ಇದು ನನ್ನ ಜೀವ, ಸಾಬ್ರೇ’ ಎಂದು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರು.

ಗುಬ್ಬಿಯಲ್ಲಿ ಚನ್ನಬಸವಯ್ಯ ಮೇಷ್ಟ್ರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ತಿರುವಿಗೇ ಒಂದು ಗರ್ಜನೆ ಕೇಳಿಸಿತು.

“ಮಹಾರಾಜರಿಗೆ ಜಯವಾಗಲಿ! ಹೊರಗೆ ದೂತನೊಬ್ಬನು ಕಾದು ನಿಂತಿದ್ದಾನೆ!”

ಸಾಬರು ಗೇಟಿನ ಬಳಿ ಗಕ್ಕನೆ ನಿಂತರು. ತಾನು ಕಾದು ನಿಂತಿರುವುದು ಒಳಗಿನವರಿಗೆ ಹೇಗೆ ತಿಳಿಯಿತೋ ಎಂದು ಗಾಬರಿಯಾಯಿತು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಮಾಲಿನಿ ಹೊರಗೆ ಬಂದರು.

“ಬನ್ನಿ ಸಾಬ್ರೇ, ಹೆದರ್ಕೋಬೇಡಿ. ನಮ್ಮನೆಯವ್ರಿಗೆ ನಾಟಕದಲ್ಲಿ ದ್ವಾರಪಾಲಕನ ಪಾರ್ಟು ಸಿಕ್ಕಿದೆ. ಇರೋದು ಎರಡೇ ಮಾತು. ಅದಕ್ಕೇ ಬೀದಿಯವ್ರು ಕಿವಿ ಮುಚ್ಕೊಂಡು ಓಡಾಡ್ತಿದಾರೆ. ಇನ್ನು ರಾಜನ ಪಾರ್ಟೇನಾದ್ರೂ ಸಿಕ್ಕಿದ್ರೆ ನಾನು ಊರೇ ಬಿಡ್ಬೇಕಾಗಿತ್ತು.”

ಒಳಗೆ ಮೇಷ್ಟ್ರು ಒಂದು ಕೋಲನ್ನು ಭರ್ಜಿಯ ಹಾಗೆ ಹಿಡಿದು ನಿಂತಿದ್ದರು. ಅರವತ್ತೇಳು ವರ್ಷದ ಮನುಷ್ಯ, ಮುಖ ಹೊಳೆಯುತ್ತಿತ್ತು. ಸಾಬರನ್ನು ನೋಡಿ ಕೋಲು ಎಸೆದು ಬಂದು ಎರಡೂ ಕೈ ಹಿಡಿದುಕೊಂಡರು.

“ನಿಮ್ಮನ್ನೇ ನೆನೆಸ್ಕೋತಾ ಇದ್ದೆ ಕಣ್ರೀ!”

ಸಾಬರು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. “ಮೇಷ್ಟ್ರೇ, ತಪ್ಪಾಗಿದೆ. ನಿಮ್ಮ ಪುಸ್ತಕ ಉಲ್ಟಾ ಹೊಲ್ದಿದೀನಿ. ಕಡೇ ಫಾರಂ ಮೊದಲಾಗಿದೆ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

“ಗೊತ್ತಲ್ಲ!” ಎಂದರು ಮೇಷ್ಟ್ರು. “ಮನೆಗೆ ತಂದು ತೆಗೆದ್ರೆ ನೂರ ನಲವತ್ತೈದ್ನೇ ಪುಟ ಮೊದಲು. ಸಿಟ್ಟು ಬಂತು. ನಿಮಗೆ ಬೈದೇ ಬರೋಣ ಅಂತ ಚಪ್ಪಲಿ ಮೆಟ್ಕೊಂಡೆ. ಮೆಟ್ಕೊಂಡು, ಬಾಗಿಲಲ್ಲಿ ನಿಂತು, ಆ ಪುಟ ಏನಂತ ಓದಿದೆ. ಏನಿತ್ತು ಗೊತ್ತಾ?”

ಮೇಷ್ಟ್ರು ಕಣ್ಣು ಮುಚ್ಚಿ, ಪಾಠ ಒಪ್ಪಿಸುವವರ ಹಾಗೆ ಹೇಳಿದರು:

“‘ಆದುದರಿಂದ, ಓದುಗನೇ, ಈಗ ಈ ಪುಸ್ತಕವನ್ನು ಮುಚ್ಚು. ಎದ್ದು ನಿಲ್ಲು. ಬಹುಕಾಲದಿಂದ ಮುಂದಕ್ಕೆ ಹಾಕುತ್ತ ಬಂದ ಒಂದು ಕೆಲಸದ ಕಡೆಗೆ, ಇಂದು ಹೊತ್ತು ಮುಳುಗುವುದರೊಳಗೆ ಒಂದು ಹೆಜ್ಜೆ ಇಡು. ಚಿಕ್ಕ ಹೆಜ್ಜೆಯಾದರೂ ಆದೀತು.’ ಅಷ್ಟೇ ಇತ್ತು, ಮಿಕ್ಕ ಪುಟಗಳೆಲ್ಲ ಬರೀ ಅನುಬಂಧ. ನಾನು ಎದ್ದೇ ನಿಂತಿದ್ದೆ, ಚಪ್ಪಲೀನೂ ಕಾಲಲ್ಲಿತ್ತು. ತುಮಕೂರಿನ ಬಸ್ಸಿಗೆ ಹೋಗೋನು ಸೀದಾ ನಾಟಕದ ಮೇಷ್ಟ್ರ ಮನೆಗೆ ಹೋಗ್ಬಿಟ್ಟೆ!”

“ಮೂವತ್ತು ವರ್ಷದಿಂದ ಆ ಪುಸ್ತಕ ಓದ್ತಾ ಇದಾರೆ,” ಎಂದರು ಮಾಲಿನಿ, ಕಾಫಿಯ ಲೋಟ ಇಡುತ್ತ. “ಮೊದಲ್ನೇ ಅಧ್ಯಾಯದಲ್ಲಿ ನಿನ್ನನ್ನು ನೀನು ತಿಳಿ ಅಂತಿದೆ. ಎರಡ್ನೇದ್ರಲ್ಲಿ ನಿನ್ನ ಆಸೆಗಳ ಪಟ್ಟಿ ಮಾಡು ಅಂತಿದೆ. ಇವರು ಅಲ್ಲೇ ನಿಂತ್ರು. ಪಟ್ಟಿ ಬರೆದು ಬರೆದು ಒಂಬತ್ತು ನೋಟ್‌ಬುಕ್ ಆಯ್ತು. ಎಲ್ಲಾದ್ರಲ್ಲೂ ಮೊದಲ್ನೇ ಆಸೆ ನಾಟಕದ್ದೇ. ಗುಬ್ಬೀಲಿ ಹುಟ್ಟಿ ಮುಖಕ್ಕೆ ಬಣ್ಣ ಹಚ್ಚಿಲ್ಲ ಅಂತ ಅಳು. ಒಂದಿನ ಆದ್ರೂ ಎದ್ದು ಹೋಗಿ ಕೇಳ್ಬೇಕಲ್ಲ?”

“ಕೇಳಿದೆನಲ್ಲೇ!”

“ನೀವೆಲ್ಲಿ ಕೇಳಿದ್ರಿ? ಕೇಳಿಸಿದ್ದು ಸಾಬ್ರು.”

ಸಾಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರ ಸಂತೋಷವನ್ನು ಕಂಡು ಎದೆ ಹಗುರಾಯಿತು ನಿಜ. ಆದರೆ ತಪ್ಪಿನಿಂದ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಕೆಟ್ಟ ಕೆಲಸ ಒಳ್ಳೆಯ ಕೆಲಸವಾಗುತ್ತದೆಯೇ? ಅಲ್ಲಾಹನು ಕರುಣಾಮಯಿ, ತಪ್ಪನ್ನೂ ಯಾರದೋ ಉಪಕಾರಕ್ಕೆ ತಿರುಗಿಸುತ್ತಾನೆ. ಅದು ಅವನ ದೊಡ್ಡತನ. ಕೈ ತಪ್ಪಿದ್ದಂತೂ ತಪ್ಪಿದ್ದೇ.

“ಪುಸ್ತಕ ಕೊಡಿ ಮೇಷ್ಟ್ರೇ. ಬಿಚ್ಚಿ ಸರಿ ಮಾಡಿಕೊಡ್ತೀನಿ. ನನ್ನ ಅಂಗಡೀದು ಇದೇ ಕಡೇ ಕೆಲಸ. ಒಂದನೇ ತಾರೀಖಿಗೆ ಮುಚ್ತಾ ಇದೀನಿ.”

ಮೇಷ್ಟ್ರ ಮುಖ ಇಳಿಯಿತು. ಕುಲ್ಸುಂ ಬೀಯ ವಿಷಯ ಅವರಿಗೆ ಗೊತ್ತಿತ್ತು. ಸಾಬರ ಪಕ್ಕ ಬಂದು ಕೂತು, “ಪುಸ್ತಕ ನನ್ನ ಹತ್ರ ಇಲ್ವಲ್ಲ ಸಾಬ್ರೇ,” ಎಂದರು. “ರಂಗಲಕ್ಷ್ಮಮ್ಮ ತಗೊಂಡ್ಹೋದ್ರು. ಕುಣಿಗಲ್ ಹತ್ರ ನಾನು ಹೆಡ್‌ಮಾಸ್ಟ್ರಾಗಿದ್ದ ಶಾಲೇಲಿ ಬಿಸಿಯೂಟದ ಅಡುಗೆ ಮಾಡ್ತಿದ್ದೋರು. ಈಗ ಬಿಟ್ಟಿದಾರೆ. ಯಾವುದೋ ಮದುವೆಗೆ ಅಂತ ಇಲ್ಲಿಗೆ ಬಂದಿದ್ರು. ನನ್ನ ಗರ್ಜನೆ ಕೇಳಿ, ‘ಏನ್ ಸಾರ್ ಇದು’ ಅಂದ್ರು. ಪುಸ್ತಕ ತೋರಿಸ್ದೆ. ಒಂದು ಪುಟ ನಿಂತಲ್ಲೇ ಓದಿ ಚೀಲಕ್ಕೆ ಹಾಕ್ಕೊಂಡ್ರು. ಇಪ್ಪತ್ತು ದಿನ ಆಯ್ತು.”

ಸಾಬರು ಊರಿನ ಗುರುತು ಕೇಳಿಕೊಂಡು ಎದ್ದರು. ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಗರ್ಜನೆ ಕೇಳಿಸಿತು. ಈ ಸಲ ಕೊನೆಗೆ ಸ್ವಲ್ಪ ಕೆಮ್ಮೂ ಸೇರಿತ್ತು.

ತುಮಕೂರಿಗೆ ವಾಪಸು ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಮಸೀದಿಯಲ್ಲಿ ಮಧ್ಯಾಹ್ನದ ಜೊಹರ್ ನಮಾಜು ಮಾಡಿ, ಕುಣಿಗಲ್ಲಿನ ಒಂದು ಖಾಸಗಿ ಬಸ್ಸು ಹಿಡಿದರು. ಗೂಳೂರು ದಾಟಿತು, ಹೆಬ್ಬೂರು ದಾಟಿತು. ತೆಂಗಿನ ತೋಟಗಳ ನೆರಳು ಕಿಟಕಿಯಲ್ಲಿ ಓಡುತ್ತಿತ್ತು. ಸಾಬರಿಗೆ ಜೊಂಪು ಹತ್ತುವ ಹೊತ್ತಿಗೆ ಬಸ್ಸು ಬ್ರೇಕು ಹಾಕಿ ನಿಂತಿತು. ಮುಂದಿನ ಸೀಟಿನ ಕಂಬಿಗೆ ಹಣೆ ತಾಗಿತು.

“ಬಂತಪ್ಪಾ ರಂಗಲಕ್ಷ್ಮಮ್ಮನ ಸ್ಟೇಷನ್ನು!” ಎಂದು ಕಂಡಕ್ಟರ್ ಕೂಗಿದ. “ಇಳಿಯೋರು ಇಳೀರಿ, ಹತ್ತೋರು ಹತ್ತಿ. ಇಲ್ದಿದ್ರೆ ನಮ್ಮನ್ನ ಉಳ್ಸಲ್ಲ ಈಯಮ್ಮ.”

ಸಾಬರು ಬಗ್ಗಿ ನೋಡಿದರು. ರಸ್ತೆಯ ಮಧ್ಯದಲ್ಲಿ, ಬಸ್ಸಿನ ಮೂತಿಗೆ ಎದುರಾಗಿ, ಕಪ್ಪು ಛತ್ರಿ ಹಿಡಿದ ಗಟ್ಟಿಮುಟ್ಟಾದ ಹೆಂಗಸೊಬ್ಬರು ನಿಂತಿದ್ದರು. ಹಿಂದೆ ಏಳೆಂಟು ಹೆಂಗಸರು.

“ಏನ್ಲಾ, ಏನಂದೆ?”

“ಏನಿಲ್ಲ ಕಣಮ್ಮೋ, ಹೊಗಳಿದೆ.”

“ಹೊಗಳು ಹೊಗಳು. ಹನ್ನೆರಡು ವರ್ಷ ಧೂಳು ಕುಡಿಸ್ಕೊಂಡು ಹೋದ್ರಲ್ಲ, ಈಗ ಹೊಗಳ್ಬೇಕಾಯ್ತದೆ.”

“ಯಾವುದೋ ಪುಸ್ತಕ ಓದಿ ಹಿಂಗಾಗವ್ರೆ ಸ್ವಾಮಿ,” ಎಂದು ಕಂಡಕ್ಟರ್ ಸಾಬರ ಕಡೆ ತಿರುಗಿ ಪಿಸುಗುಟ್ಟಿದ. “ಆ ಪುಸ್ತಕ ಮಾಡ್ದೋನು ಸಿಕ್ಕಿದ್ರೆ ಈ ಬಸ್ಸಿನ ಮುಂದಕ್ಕೇ ಕಟ್ಟಾಕ್ಬೇಕು.”

ಸಾಬರು ಗಂಟಲು ಸರಿಮಾಡಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ಅವನ ಮುಖ ನೋಡದೆ ಇಳಿದುಬಿಟ್ಟರು.

ಬಸ್ಸು ಹೋದ ಮೇಲೆ ತಮ್ಮ ಗುರುತು ಹೇಳಿಕೊಂಡರು. ರಂಗಲಕ್ಷ್ಮಮ್ಮ ಛತ್ರಿ ಮಡಿಸಿ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಆ ಪುಸ್ತಕ ಹೊಲ್ದೋರು ನೀವಾ? ಬನ್ನಿ ಬನ್ನಿ. ಲೇ ಚಿಕ್ಕಮಾರಮ್ಮ, ಪುಸ್ತಕದ ಸಾಬ್ರು ಬಂದವ್ರೆ ಕಣೇ! ಎಲ್ಲರ್ಗೂ ಹೇಳು.”

ಮನೆಯ ಜಗಲಿಯ ಮೇಲೆ ಚಾಪೆ ಹಾಸಿದರು. ಹುರಿಗಡಲೆ, ಬೆಲ್ಲ, ನೀರು ಬಂತು. ಬಸ್ಸಿನ ಕಥೆಯೂ ಬಂತು. ಹೆದ್ದಾರಿಯಿಂದ ಆ ಊರಿಗೆ ತಿರುಗುವ ಗೇಟಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಕುಣಿಗಲ್ಲಿನ ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಹೋಗುವವರೆಲ್ಲ ಎರಡು ಮೈಲಿ ನಡೆದು ಮುಂದಿನ ಊರಿನಲ್ಲಿ ಹತ್ತಬೇಕಾಗಿತ್ತು. ಅರ್ಜಿ ಬರೆಯಬೇಕೆಂದು ರಂಗಲಕ್ಷ್ಮಮ್ಮ ಹನ್ನೆರಡು ವರ್ಷದಿಂದ ಅಂದುಕೊಳ್ಳುತ್ತಿದ್ದರು. ಅರ್ಜಿ ಯಾರಿಗೆ ಬರೆಯಬೇಕು, ಯಾರ ಸಹಿ ಹಾಕಿಸಬೇಕು ಎಂಬುದರಲ್ಲೇ ಅಷ್ಟು ವರ್ಷವೂ ಕಳೆದಿತ್ತು.

“ಹೊತ್ತು ಮುಳುಗೋದ್ರೊಳ್ಗೆ ಅಂತ ಬರ್ದಿತ್ತಲ್ಲ. ಗುಬ್ಬಿಯಿಂದ ಬಂದಾಗ ನಾಲ್ಕು ಗಂಟೆ. ಇನ್ನು ಅರ್ಜಿಗೆ ಹೊತ್ತೆಲ್ಲೈತೆ? ಛತ್ರಿ ತಗೊಂಡು ಹೋಗಿ ರಸ್ತೇಲಿ ನಿಂತ್ಕೊಂಡೆ. ಡ್ರೈವರ್ ಹಾರನ್ ಹೊಡ್ದ, ಹೊಡ್ದ, ಹೊಡ್ದ. ನಾನೂರು ಮಕ್ಕಳ ಗಲಾಟೇಲಿ ಅನ್ನ ಬಡಿಸಿದೋಳು ನಾನು. ಹಾರನ್ನಿಗೆ ಹೆದರ್ತೀನಾ?”

“ಮಾರ್ನೇ ದಿನ ನಾನೂ ಹೋದೆ,” ಎಂದರು ಚಿಕ್ಕಮಾರಮ್ಮ. ಸಣ್ಣ ದೇಹದ, ದೊಡ್ಡ ದನಿಯ ಮುದುಕಿ. “ಆಮೇಲೆ ಹನ್ನೊಂದು ಜನ ಆದ್ವಿ. ಒಂದು ವಾರ ಆಯ್ತಿದ್ದಂಗೆ ಮಾಲೀಕನೇ ಬಂದು, ನಿಲ್ಲಿಸ್ತೀವಿ ತಾಯಿ, ದಾರಿ ಬುಡಿ ಅಂದ.”

“ಆದ್ರೂ ಇವತ್ತು ಅಡ್ಡ ನಿಂತಿದ್ರಲ್ಲ?”

“ಅದು ಅಭ್ಯಾಸ ಆಗೋಗೈತೆ,” ಎಂದರು ರಂಗಲಕ್ಷ್ಮಮ್ಮ. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು.

“ಪುಸ್ತಕ ಮುಂದಕ್ಕೆ ಓದಿದ್ರಾ?”

“ಇಲ್ಲ. ಮುಚ್ಚು ಅಂತ ಬರ್ದಿತ್ತು, ಮುಚ್ದೆ.”

ಒಳಗಿನಿಂದ ಪುಸ್ತಕ ಬಂತು. ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಸಾಬರು ಎರಡೂ ಕೈಯಲ್ಲಿ ತೆಗೆದುಕೊಂಡು, ತಾವು ಬಂದ ಕಾರಣ ಹೇಳಿದರು. ಬಿಚ್ಚಿ, ತುಮಕೂರಿಗೆ ಒಯ್ದು, ಸರಿ ಮಾಡಿ ತರುತ್ತೇನೆ ಎಂದರು.

ಜಗಲಿಯ ಮೇಲೆ ಗದ್ದಲವೆದ್ದಿತು.

“ಸರಿಯಾಗೇ ಐತಲ್ಲ, ಏನ್ ಸರಿ ಮಾಡ್ತೀರಾ?”

“ಬಿಚ್ಚಿದ್ರೆ ಬಸ್ಸು ನಿಲ್ತದಾ?”

“ತಾಯಂದಿರಾ, ಕೇಳಿ,” ಎಂದರು ಸಾಬರು. “ಬರೆದೋರು ಯಾರೋ, ಇದಾರೋ ಇಲ್ವೋ ಗೊತ್ತಿಲ್ಲ. ಅವರು ಒಂದು ಕ್ರಮದಲ್ಲಿ ಬರೆದಿದಾರೆ. ಅದನ್ನ ತಿರುಗಾ ಮುರುಗಾ ಮಾಡೋಕೆ ನಾನ್ಯಾರು? ನಲವತ್ತೊಂದು ವರ್ಷ ಯಾರ ಪುಸ್ತಕಾನೂ ಕೆಡಿಸಿಲ್ಲ. ಇದೊಂದು ಕೆಡಿಸಿ ಅಂಗಡಿ ಮುಚ್ಚಿದ್ರೆ ನನಗೆ ನಿದ್ದೆ ಬರಲ್ಲ.”

“ಅಂಗಡಿ ಯಾಕ್ ಮುಚ್ತೀರಾ?” ಎಂದು ರಂಗಲಕ್ಷ್ಮಮ್ಮ ಕೇಳಿದರು.

ಐದು ತಿಂಗಳಿಂದ ಇದನ್ನು ಎಷ್ಟೋ ಜನ ಕೇಳಿದ್ದರು. ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಸಾಬರು ಹೇಳುತ್ತಿದ್ದರು. ಈ ಹೊತ್ತು ಮಾತ್ರ, ಗುರುತಿಲ್ಲದ ಊರಿನ ಜಗಲಿಯ ಮೇಲೆ, ಇದ್ದದ್ದು ಇದ್ದ ಹಾಗೆ ಬಾಯಿಗೆ ಬಂತು. ಕುಲ್ಸುಂ ಬೀಯ ಎಡಗೈಯ ಮಾತು, ಕಟ್ಟನ್ನು ಆಕೆಗೆಂದು ಜೋಡಿಸುತ್ತಿದ್ದ ಮಾತು, ಆಕೆ ಇಲ್ಲದ ಮೇಲೂ ಕೈ ಹಾಗೆಯೇ ಜೋಡಿಸಿದ ಮಾತು.

“ಕೈಗೆ ಇನ್ನೂ ಅವಳು ಹೋಗಿರೋದು ಗೊತ್ತಿಲ್ಲಮ್ಮ. ಇಂಥ ಕೈ ಇಟ್ಕೊಂಡು ಯಾವ ಕೆಲಸ ಮಾಡ್ಲಿ?”

ರಂಗಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

“ನಮ್ ಯಜಮಾನ್ರು ಹೋದ ಮೇಲೆ ಎರಡು ತಿಂಗಳು ನಾನು ಇಬ್ಬರಿಗಂತಲೇ ಮುದ್ದೆ ಕಟ್ತಿದ್ದೆ ಸಾಬ್ರೇ. ದಿನಾ ಒಂದು ಮಿಗೋದು. ಹಸೂಗೆ ಹಾಕಿ ಹಾಕಿ ಹಸು ದಪ್ಪ ಆಯ್ತು. ಮನಸ್ಸಿಗೆ ಒಂದೇ ದಿನಕ್ಕೆ ಗೊತ್ತಾಯ್ತದೆ. ಕೈಗೆ ಗೊತ್ತಾಗಲ್ಲ. ಅದಕ್ಕೆ ನಿಧಾನಕ್ಕೆ ಹೇಳ್ಬೇಕು.” ಆಮೇಲೆ ದನಿ ಬದಲಿಸಿ, “ಪುಸ್ತಕ ತುಮಕೂರಿಗೆ ಕೊಡಲ್ಲ. ಸರಿ ಮಾಡೋದಿದ್ರೆ ಇಲ್ಲೇ ಮಾಡಿ, ನಮ್ ಕಣ್ಣೆದುರಿಗೆ. ಏನೇನ್ ಬೇಕು ಹೇಳಿ,” ಎಂದರು.

ಸಾಬರು ಹಿಂದೆ ಮುಂದೆ ನೋಡಿದರು. ಹೊರಗೆ ಕೂತು, ಇಷ್ಟು ಜನರೆದುರು ಅವರು ಯಾವತ್ತೂ ಹೊಲಿದವರಲ್ಲ. ಆದರೆ ಅಷ್ಟರಲ್ಲಿ ಒಬ್ಬಾಕೆ ಮಣೆ ತಂದಿಟ್ಟಳು. ರಂಗಲಕ್ಷ್ಮಮ್ಮ ಮೈದಾಹಿಟ್ಟಿನ ಅಂಟು ಕಾಯಿಸಲು ಒಲೆಯ ಮುಂದೆ ಕೂತಾಗಿತ್ತು. ಇನ್ನು ಎದ್ದು ಹೋಗುವಂತಿರಲಿಲ್ಲ.

ಚಾಕು ತೆಗೆದು ರಟ್ಟು ಬಿಡಿಸಿದರು. ಹಳೆಯ ದಾರ ಕತ್ತರಿಸಿದರು. ಹತ್ತು ಫಾರಂಗಳು ಮಣೆಯ ಮೇಲೆ ಬಿಡಿಬಿಡಿಯಾಗಿ ಬಿದ್ದವು. ಅವನ್ನು ತಟ್ಟಿ, ಅಂಚು ನೇರ ಮಾಡಿ ಜೋಡಿಸಿದರು. ಜೋಡಿಸಿ ನೋಡಿದರೆ, ಅಷ್ಟು ಎಚ್ಚರ ವಹಿಸಿದರೂ, ಕಡೆಯ ಫಾರಂ ಮೇಲೆಯೇ ಬಂದು ಕೂತಿತ್ತು.

ಸಾಬರು ಅದನ್ನೇ ನೋಡುತ್ತ ಕುಳಿತರು. ಆ ಕಟ್ಟನ್ನು ಎತ್ತಿ ಬಲಗಡೆಗೆ ಚಾಚಿದರೆ ತೆಗೆದುಕೊಳ್ಳಲು ಒಂದು ಕೈ ಬರುತ್ತಿತ್ತು. ಬಳೆ ಜಾರುವ ಸಪ್ಪಳ, ಆಮೇಲೆ ‘ತನ್ನಿ’ ಎಂಬ ಒಂದು ಮಾತು. ಮನಸ್ಸಿನಲ್ಲೇ ಆಕೆಗಾಗಿ ಒಂದು ದುವಾ ಹೇಳಿಕೊಂಡರು. ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಬಿಸ್ಮಿಲ್ಲಾ ಎಂದು, ಮೇಲಿನ ಫಾರಂ ತೆಗೆದು ಕೆಳಗಿಟ್ಟರು. ಅದರ ಮೇಲೆ ಒಂಬತ್ತನೆಯದು. ಅದರ ಮೇಲೆ ಎಂಟನೆಯದು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಮಗುವಿಗೆ ಹೇಳುವ ಹಾಗೆ ಕೈಗೆ ಹೇಳುತ್ತ, ಮೊದಲನೆಯದು ಮೇಲೆ ಬರುವ ತನಕ ಜೋಡಿಸಿದರು. ದಾರಕ್ಕೆ ಮೇಣ ಉಜ್ಜಿ, ಸೂಜಿ ಪೋಣಿಸಿ, ಉಸ್ತಾದರು ಕಲಿಸಿದ ರೀತಿಯಲ್ಲಿ ಮೊದಲಿನಿಂದ ಹೊಲಿಯತೊಡಗಿದರು. ಮೊದಲೆರಡು ಫಾರಂಗಳಿಗೆ ಕೈ ತಡವರಿಸಿತು; ಒಂದು ಸಲ ಸೂಜಿ ಬೆರಳಿಗೆ ಚುಚ್ಚಿತು. ಮೂರನೆಯದಕ್ಕೆ ದಾರ ತಾನಾಗಿ ಜಾಡು ಹಿಡಿಯಿತು. ಏಳನೆಯದಕ್ಕೆ ಬಂದಾಗ, ಅವರು ಚಿಕ್ಕಮಾರಮ್ಮನಿಗೆ ಗಂಟು ಹಾಕುವ ಬಗೆಯನ್ನು ವಿವರಿಸುತ್ತಿದ್ದರು. ಹತ್ತನೆಯದು ಮುಗಿದದ್ದು ಅವರಿಗೇ ಗೊತ್ತಾಗಲಿಲ್ಲ; ಮುಂದಿನ ಫಾರಂಗೆಂದು ಕೈ ಚಾಚಿದರೆ ಮಣೆ ಖಾಲಿಯಾಗಿತ್ತು.

ಪುಸ್ತಕ ತಿರುಗಿಸಿ, ತೆರೆದು, ಪುಟದ ಅಂಕಿ ನೋಡಿದರು. ಒಂದು. ಎರಡು. ಮೂರು. ಕಡೆಯವರೆಗೆ ಹಾಳೆ ಹಾರಿಸಿ ನೋಡಿದರು. ನೂರ ಅರವತ್ತು.

“ಅಲ್ಹಮ್ದುಲಿಲ್ಲಾಹ್,” ಎಂದು ದೇವರ ಸ್ತುತಿ ಅವರ ಬಾಯಿಂದ ಜೋರಾಗಿಯೇ ಬಂತು.

ಓದು ಬರುವ ರಂಗಲಕ್ಷ್ಮಮ್ಮ ಮೊದಲ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದರು: “‘ಓದುಗನೇ, ಸದ್ದುಗದ್ದಲವಿಲ್ಲದ ಒಂದು ಸ್ಥಳವನ್ನು ಆರಿಸಿಕೊಂಡು ಕುಳಿತುಕೊ. ನಿನ್ನ ಗುಣಗಳನ್ನೂ ದೋಷಗಳನ್ನೂ ಒಂದು ಕಾಗದದ ಮೇಲೆ ಬರೆ.’ ಅಯ್ಯೋ ನನ್ನಪ್ಪನೇ! ಇದು ಮೊದಲು ಸಿಕ್ಕಿದ್ರೆ ನಾನು ಇನ್ನೂ ಬರೀತಾ ಕೂತಿರ್ತಿದ್ದೆ.”

“ಯಾರ ದೋಷ ಬರೀಬೇಕಂತೆ?” ಎಂದರು ಚಿಕ್ಕಮಾರಮ್ಮ. “ನಮ್ ಸೊಸೇದಾದ್ರೆ ನಾನು ಹೇಳ್ತೀನಿ, ನೀನು ಬರ್ಕೋ.”

ನಗು ನಿಲ್ಲುವುದಕ್ಕೆ ಹೊತ್ತು ಹಿಡಿಯಿತು. ಸಾಬರು ಕಣ್ಣಿನಲ್ಲಿ ನೀರು ಬರುವ ತನಕ ನಕ್ಕರು. ಹಾಗೆ ನಕ್ಕು ಎಷ್ಟು ದಿನವಾಗಿತ್ತು!

“ಈಗ ಬರೀಬಹುದಮ್ಮ,” ಎಂದರು. “ಕೆಲಸ ಶುರು ಮಾಡಿಯಾಯ್ತಲ್ಲ. ಬಸ್ಸಿಗೆ ಕಾಯೋವಾಗ ಒಂದೊಂದೇ ಪುಟ ಓದಿ. ಇದನ್ನ ಬರೆದೋರು ಬುದ್ಧಿವಂತ್ರು. ಶುರುವಿನ ಮಾತು ಸ್ವಲ್ಪ ಉದ್ದ ಆಯ್ತು ಅಷ್ಟೇ.”

ಅಂಟು ಬಳಿದು ರಟ್ಟು ಕೂರಿಸಿ, ಪುಸ್ತಕವನ್ನು ರಾಗಿ ಬೀಸುವ ಕಲ್ಲಿನ ಕೆಳಗೆ ಒತ್ತಿಟ್ಟರು. ನಾಳೆ ಬೆಳಗಿನವರೆಗೆ ಯಾರ ಕೆಲಸಕ್ಕೂ ಕಲ್ಲು ಎತ್ತಕೂಡದೆಂದು ಹೇಳಿದರು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ರಂಗಲಕ್ಷ್ಮಮ್ಮನ ಮೊಮ್ಮಗಳು ಕೃತಿಕಾ ಕಾಲೇಜಿನಿಂದ ಬಂದಿದ್ದಳು. ಜಗಲಿಯ ಮೇಲೆ ನಡೆದದ್ದೆಲ್ಲ ಕೇಳಿಕೊಂಡು, ಚೀಲದಿಂದ ಒಂದು ದಪ್ಪ ಪುಸ್ತಕ ಹೊರತೆಗೆದಳು. ಬೆನ್ನು ಸೀಳಿ ಎರಡು ಭಾಗವಾಗಿತ್ತು.

“ತಾತಾ, ಹದಿನೈದಕ್ಕೆ ಪರೀಕ್ಷೆ ಇದೆ. ಅಷ್ಟರಲ್ಲಿ ಆಗುತ್ತಾ?”

ಸಾಬರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದರು, ಸೀಳಿದ ಜಾಗಕ್ಕೆ ಬೆರಳು ಹಾಕಿದರು. “ಹದಿನೈದು ಯಾಕೆ? ಹನ್ನೆರಡಕ್ಕೇ ತಂದ್ಕೊಡ್ತೀನಿ.”

ಅಂದ ಮೇಲೆ ಅವರಿಗೆ ಹೊಳೆಯಿತು, ಹನ್ನೆರಡನೇ ತಾರೀಖು ಬರುವುದು ಒಂದನೇ ತಾರೀಖಾದ ಮೇಲೆ.

ಪಕ್ಕದ ಮನೆಯಾಕೆ ಹಾಳೆಯುದುರುತ್ತಿದ್ದ ಒಂದು ಭಜನೆಯ ಪುಸ್ತಕ ತಂದಿಟ್ಟಳು. ಇನ್ನೊಬ್ಬಾಕೆ ಗಂಡನ ತಾತನ ಕಾಲದ ಪಂಚಾಂಗ ತಂದಳು. ಯಾರದೋ ಮನೆಯಿಂದ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ ಬಂತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಬಿಸಿಲು ತೆಂಗಿನ ಗರಿಗಳ ಕೆಳಗೆ ಇಳಿದಿತ್ತು. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇದ್ದೀತು. ಸಾಬರು ಜಗಲಿಯ ಕಂಬದ ಮರೆಗೆ ಹೋಗಿ ಜೇಬಿನಿಂದ ಫೋನು ತೆಗೆದರು.

“ರುದ್ರಯ್ಯನವ್ರೇ, ನಾನು ದಸ್ತಗೀರ್.”

“ಹೇಳಿ ಸಾಬ್ರೇ. ಬೀಗದ ಕೈ ತರ್ತಿದೀರಾ?”

“ಇಲ್ಲ. ಅದಕ್ಕೇ ಫೋನ್ ಮಾಡಿದೆ. ಕೈ ಕೊಡಕ್ಕಾಗಲ್ಲ.”

ಆ ಕಡೆಯಿಂದ ರುದ್ರಯ್ಯನವರು ನಕ್ಕಂತೆ ಕೇಳಿಸಿತು. “ಬೀಗದ ಕೈ ಬೇಕು ಅಂತ ನಾನೆಲ್ಲಿ ಕೇಳಿದ್ದೆ? ನೀವೇ ಕೊಡ್ತೀನಿ ಅಂದ್ರಿ. ಅಲ್ಲಾ, ಆ ಮೊಬೈಲ್ ಅಂಗಡಿಯೋನಿಗೆ ಏನ್ ಹೇಳ್ಲಿ ಈಗ?”

“ದಸ್ತಗೀರ್ ಸಾಬ್ರಿಗೆ ಕೆಲಸ ಇದೆ ಅಂತ ಹೇಳಿ.”

“ಎಷ್ಟು ದಿನದ ಕೆಲಸ?”

ಸಾಬರು ಜಗಲಿಯ ಕಡೆ ನೋಡಿದರು. ಚಿಕ್ಕಮಾರಮ್ಮ ಬೀದಿಯ ತುದಿಯಿಂದ, ಕಂಕುಳಲ್ಲಿ ಹಗ್ಗ ಕಟ್ಟಿದ ಪುಸ್ತಕಗಳ ಒಂದು ಕಂತೆ ಸಿಕ್ಕಿಸಿಕೊಂಡು, ಸಾಬರು ಎಲ್ಲಿ ಹೊರಟುಬಿಡುತ್ತಾರೋ ಎಂದು ಕೂಗುತ್ತ ಓಡೋಡಿ ಬರುತ್ತಿದ್ದರು.

“ಈಗಲೇ ಹೇಳೋಕಾಗಲ್ಲ ರುದ್ರಯ್ಯನವ್ರೇ,” ಎಂದರು ಸಾಬರು. “ಇನ್ನೂ ಬರ್ತಾ ಇವೆ.”